ಉಂಗುರದ ಎದುರಿಗೆ ಏನಿದೆ?

ಹೊಸ ಉಂಗುರದ ಫೋಟೊ ಚೆನ್ನಾಗಿ ಬರಬೇಕಾದರೆ ಫೋನಿಗಿಂತ ಮೊದಲು ಉಂಗುರದ ಎದುರಿಗೆ ಏನಿದೆ ಎಂದು ನೋಡಬೇಕು. ನಯವಾಗಿ ಉಜ್ಜಿದ ಚಿನ್ನ ಕನ್ನಡಿಯೇ ಸರಿ. ಕಿಟಕಿ, ಗೋಡೆ, ಚಾವಣಿ, ನಾವು ತೊಟ್ಟ ಅಂಗಿ, ಕೈಯಲ್ಲಿರುವ ಫೋನು ಎಲ್ಲವೂ ಅದರ ಮೈಮೇಲೆ ಬಾಗಿ ಬಳುಕಿ ಮೂಡಿರುತ್ತವೆ. ಕೆಂಪು ಅಂಗಿ ತೊಟ್ಟು ಹತ್ತಿರ ಬಗ್ಗಿದರೆ ಹಳದಿ ಚಿನ್ನಕ್ಕೆ ತಾಮ್ರದ ಛಾಯೆ ಬರುತ್ತದೆ. ಬಿಳಿ ಚಿನ್ನವಾದರಂತೂ ಹತ್ತಿರದಲ್ಲಿರುವ ಯಾವ ಬಣ್ಣವನ್ನೂ ಬಿಡದೆ ಎಳೆದುಕೊಳ್ಳುತ್ತದೆ. ಹಾಗಾಗಿ ಫೋಟೊ ತೆಗೆಯುವ ದಿನ ನಾನು ಬೂದು ಅಥವಾ ಬಿಳಿ ಬಟ್ಟೆಯನ್ನೇ ತೊಡುತ್ತೇನೆ.

ನನ್ನ ಉಂಗುರದ ನಡುವೆ ಮೊಟ್ಟೆಯಾಕಾರದ ಗಾಢ ನೀಲವಿದೆ, ಅಂದರೆ ಇಂದ್ರನೀಲದ ಹರಳು, ಅದರ ಎರಡು ಪಕ್ಕದಲ್ಲಿ ಒಂದೊಂದು ಪುಟ್ಟ ವಜ್ರ. ಬೆಳಕಿನ ವಿಷಯಕ್ಕೆ ಬಂದರೆ ನೀಲ, ವಜ್ರ, ಚಿನ್ನ ಮೂರರದೂ ಬೇರೆ ಬೇರೆ ಸ್ವಭಾವ. ಒಂದಕ್ಕೆ ಒಪ್ಪುವ ಬೆಳಕು ಇನ್ನೊಂದಕ್ಕೆ ಒಗ್ಗುವುದಿಲ್ಲ. ಮೂರನ್ನೂ ಒಂದೇ ಚಿತ್ರದಲ್ಲಿ ಒಪ್ಪಿಸುವುದರಲ್ಲೇ ಈ ಕೆಲಸದ ಸೊಗಸಿದೆ.

ಮೊದಲು ವಜ್ರದ ಮಾತು. ಬೆಳಕನ್ನು ಬಗ್ಗಿಸುವುದರಲ್ಲಿ ವಜ್ರ ಬಹಳ ಬಲಶಾಲಿ. ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಎಂಬುದರ ಅಳತೆಯಾದ ವಕ್ರೀಭವನ ಸೂಚ್ಯಂಕ ಅದಕ್ಕೆ 2.42. ಗಾಜಿನದು ಸುಮಾರು 1.5, ನೀಲ ಮತ್ತು ಮಾಣಿಕ್ಯದ್ದು 1.76ರಿಂದ 1.77. ಮೇಲಿನಿಂದ ಹೊಕ್ಕ ಬೆಳಕು ತಳದ ಓರೆ ಮುಖಗಳಿಗೆ ತಾಗಿ, ಹೊರಗೆ ಸೋರಿಹೋಗದೆ, ಒಳಗೊಳಗೇ ಪುಟಿದು ಮತ್ತೆ ಮೇಲಕ್ಕೇ ಬರುವಂತೆ ದುಂಡು ವಜ್ರದ 57 ಮುಖಗಳನ್ನು ಕೊರೆದಿರುತ್ತಾರೆ. ಈ ಕೋನಗಳ ಲೆಕ್ಕವನ್ನು ಬೆಲ್ಜಿಯಂನ ಎಂಜಿನಿಯರ್ ಮಾರ್ಸೆಲ್ ಟೋಲ್ಕೊವ್‌ಸ್ಕಿ 1919ರಲ್ಲೇ ಬರೆದು ಪ್ರಕಟಿಸಿದರು. ಫೋನಿನವರಾದ ನಮಗೆ ಆ ಲೆಕ್ಕದಿಂದ ತಿಳಿಯಬೇಕಾದ್ದು ಒಂದೇ: ವಜ್ರ ತನ್ನ ಮೇಲಿರುವುದನ್ನೇ ತಿರುಗಿಸಿ ತೋರಿಸುತ್ತದೆ. ಅದರ ನೆತ್ತಿಯ ಮೇಲೆ ಫೋನನ್ನು ಹಿಡಿದರೆ ಹರಳಿನ ನಡುವೆ ಫೋನಿನ ಕಪ್ಪು ನೆರಳೇ ಕೂರುತ್ತದೆ. ಉಂಗುರವನ್ನು ತುಸು ಓರೆ ಮಾಡಿ, ಹರಳಿನ ಮೇಲ್ಮುಖವನ್ನು ಕಿಟಕಿಯ ಕಡೆಗೆ ವಾಲಿಸಿದರೆ ಆ ಕಪ್ಪು ಸರಿದು ಬೆಳಕು ತುಂಬುತ್ತದೆ. ಓರೆ ಎಂದರೆ ಬಹಳ ಅಲ್ಲ, ಹತ್ತು ಹದಿನೈದು ಡಿಗ್ರಿ ಸಾಕು.

ಇನ್ನೊಂದು ಉಪಾಯ ಹಿಂದೆ ಸರಿಯುವುದು. ದೂರ ಹೋದಷ್ಟೂ ಹರಳಿನ ಲೆಕ್ಕದಲ್ಲಿ ಫೋನು ಚಿಕ್ಕದಾಗುತ್ತದೆ, ಅದರ ನೆರಳೂ ಕುಗ್ಗುತ್ತದೆ. ಇದರಿಂದ ಮತ್ತೊಂದು ಲಾಭವೂ ಇದೆ. ಫೋನಿನ ಮುಖ್ಯ ಲೆನ್ಸ್ ಅಗಲ ನೋಟದ್ದು. ಅದನ್ನು ಬೆರಳಿನ ಹತ್ತಿರ ತಂದರೆ ಮುಂದಿನ ಗೆಣ್ಣು ಊದಿಕೊಂಡು, ಹಿಂದಿನ ಅಂಗೈ ಸಣ್ಣದಾಗಿ, ಕೈಯ ಅಂದವೇ ಕೆಡುತ್ತದೆ. ಒಂದು ತೋಳಿನಷ್ಟು ಹಿಂದೆ ಸರಿದು ಎರಡು ಅಥವಾ ಮೂರು ಪಟ್ಟು ಝೂಮ್ ಮಾಡಿದರೆ ಬೆರಳುಗಳು ಇದ್ದ ಹಾಗೆಯೇ, ನೀಳವಾಗಿ ಬರುತ್ತವೆ. ಇಲ್ಲಿ ಒಂದು ಎಚ್ಚರಿಕೆ ಬೇಕು. ಝೂಮ್ ಲೆನ್ಸಿಗೆ ಹತ್ತಿರದ ವಸ್ತುವಿನ ಮೇಲೆ ಫೋಕಸ್ ಸಿಗದಿದ್ದಾಗ ಅನೇಕ ಫೋನುಗಳು ಸದ್ದಿಲ್ಲದೆ ಮುಖ್ಯ ಲೆನ್ಸಿಗೆ ಹೊರಳಿ, ಚಿತ್ರವನ್ನು ಕತ್ತರಿಸಿ ಹಿಗ್ಗಿಸಿ ತೋರಿಸುತ್ತವೆ. ಪರೀಕ್ಷಿಸುವುದು ಸುಲಭ. ಹಿಂಬದಿಯ ಲೆನ್ಸುಗಳನ್ನು ಒಂದೊಂದಾಗಿ ಬೆರಳಿನಿಂದ ಮುಚ್ಚಿ. ಯಾವುದನ್ನು ಮುಚ್ಚಿದಾಗ ಪರದೆ ಕತ್ತಲಾಗುತ್ತದೆಯೋ ಅದೇ ಕೆಲಸ ಮಾಡುತ್ತಿರುವ ಲೆನ್ಸ್. ಝೂಮ್ ಲೆನ್ಸ್ ಎಚ್ಚರಗೊಳ್ಳುವವರೆಗೆ ಹಿಂದೆ ಸರಿದರಾಯಿತು. ಆ ಬೆರಳಿನ ಗುರುತು ಲೆನ್ಸಿನ ಮೇಲೆ ಉಳಿಯುತ್ತದೆ, ಒರೆಸುವುದನ್ನು ಮರೆಯಬಾರದು. ಲೆನ್ಸಿನ ಮೇಲಿನ ಎಣ್ಣೆ ಪಸೆ ಪ್ರತಿ ಹೊಳಪಿನ ಸುತ್ತಲೂ ಮಂಜು ಕವಿಸುತ್ತದೆ.

ಈಗ ನೀಲ. ಇದರ ಬಗ್ಗೆ ನನಗೆ ಹೇಳಲಿಕ್ಕೆ ಬಹಳ ಇದೆ, ಏಕೆಂದರೆ ಗಾಢ ನೀಲವನ್ನು ಫೋನಿನಲ್ಲಿ ಹಿಡಿಯುವುದು ನಿಜಕ್ಕೂ ಕಷ್ಟ. ಸಂಜೆಯ ಹಳದಿ ದೀಪದಡಿ, ಅಂದರೆ ಬೆಳಕಿನ ಬಣ್ಣವನ್ನು ಅಳೆಯುವ ಕೆಲ್ವಿನ್ ಲೆಕ್ಕದಲ್ಲಿ ಸುಮಾರು 2700ರ ಬೆಳಕಿನಲ್ಲಿ, ನೀಲಿಯ ಪಾಲು ತೀರಾ ಕಡಿಮೆ. ಬಂದ ಬೆಳಕಿನಲ್ಲಿ ನೀಲಿಯೇ ಇಲ್ಲದಿದ್ದರೆ ಹರಳು ತಾನೇ ಏನನ್ನು ಮರಳಿಸೀತು? ಶಾಯಿಯ ಹನಿಯಂತೆ ಕಪ್ಪಾಗಿ ಕೂರುತ್ತದೆ. ಮಾಣಿಕ್ಯ ಇದಕ್ಕೆ ತದ್ವಿರುದ್ಧ, ಹಳದಿ ದೀಪ ಕಂಡರೆ ಅರಳುತ್ತದೆ. ನೀಲಕ್ಕೆ ಬೇಕಾದ್ದು ಹಗಲಿನ ಬೆಳಕು, ಅದರಲ್ಲೂ ನೇರ ಬಿಸಿಲು ಬೀಳದ ಕಿಟಕಿಯ ಬೆಳಕು. ಅಷ್ಟೇ ಮುಖ್ಯವಾದದ್ದು ಕೋಣೆಯ ದೀಪ ಆರಿಸುವುದು. ಕಿಟಕಿಯ ಬೆಳಕೂ ದೀಪದ ಬೆಳಕೂ ಬೆರೆತರೆ ಉಂಗುರದ ಒಂದು ಬದಿ ನೀಲಿಗೆ, ಇನ್ನೊಂದು ಬದಿ ಕಿತ್ತಳೆಗೆ ತಿರುಗುತ್ತದೆ. ಆಮೇಲೆ ಎಷ್ಟು ತಿದ್ದಿದರೂ ಎರಡೂ ಒಟ್ಟಿಗೆ ಸರಿಹೋಗುವುದಿಲ್ಲ.

ನನ್ನ ಹರಳನ್ನು ಹತ್ತಿರದಿಂದ ನೋಡಿದರೆ ನಡುವೆ ಅಕ್ಕಿಕಾಳಿನಷ್ಟು ಜಾಗದಲ್ಲಿ ಬಣ್ಣ ತೆಳುವಾಗಿದೆ. ಅಲ್ಲಿ ಬೆಳಕು ಪುಟಿದು ಬರುವ ಬದಲು ತಳದಿಂದ ಹೊರಗೆ ಹಾದುಹೋಗುತ್ತದೆ, ಅದರ ಮೂಲಕ ಬೆರಳಿನ ಚರ್ಮ ಮಸುಕಾಗಿ ಕಾಣುತ್ತದೆ. ತಳ ಆಳವಿಲ್ಲದಂತೆ ಕೊರೆದ ಬಣ್ಣದ ಹರಳುಗಳಲ್ಲಿ ಇದು ಸಾಮಾನ್ಯ. ನೇರವಾಗಿ ಮೇಲಿನಿಂದ ತೆಗೆದರೆ ಆ ತೆರಪೇ ಎದ್ದು ಕಾಣುತ್ತದೆ. ಮೊಟ್ಟೆಯ ಉದ್ದದ ದಿಕ್ಕಿಗೆ ಸ್ವಲ್ಪ ವಾಲಿಸಿದರೆ ಅಕ್ಕಪಕ್ಕದ ಮುಖಗಳ ನೀಲಿ ಬಂದು ಅದನ್ನು ತುಂಬುತ್ತದೆ. ಹೀಗೆ ವಾಲಿಸುತ್ತಾ ವಾಲಿಸುತ್ತಾ ಹರಳು ಇದ್ದಕ್ಕಿದ್ದಂತೆ ಅಂಚಿನಿಂದ ಅಂಚಿಗೆ ಬಣ್ಣ ತುಂಬಿಕೊಳ್ಳುವ ಒಂದು ಕೋನವಿದೆ. ಪ್ರತಿ ಉಂಗುರಕ್ಕೂ ಅದು ಬೇರೆ. ಅದನ್ನು ಕಣ್ಣಿನಿಂದಲೇ ಹುಡುಕಿ, ಆಮೇಲೆ ಫೋನನ್ನು ಎತ್ತಬೇಕು. ನನಗೆ ಇಡೀ ಕೆಲಸದಲ್ಲಿ ಅತ್ಯಂತ ಸಂತೋಷ ಕೊಡುವುದು ಈ ಹುಡುಕಾಟವೇ.

ಕಿಟಕಿ ಎಡಕ್ಕಿದ್ದರೆ ಬಲಕ್ಕೆ ಒಂದು ಬಿಳಿ ಹಾಳೆ ನಿಲ್ಲಿಸುತ್ತೇನೆ. ನೆರಳಿನ ಬದಿಯ ಚಿನ್ನ ಆಗ ಕಂದಾಗದೆ ಹಳದಿಯಾಗಿಯೇ ಉಳಿಯುತ್ತದೆ, ನೀಲದ ಒಳಗಿನ ಕಪ್ಪು ಚೂರುಗಳೂ ತಿಳಿಯಾಗುತ್ತವೆ. ಹಾಗೆಂದು ಸುತ್ತಲೂ ಬಿಳಿಯನ್ನೇ ತುಂಬಬಾರದು. ಎಲ್ಲ ಕಡೆಯಿಂದ ಒಂದೇ ಸಮ ಬೆಳಕು ಬಿದ್ದರೆ ವಜ್ರ ಗಾಜಿನ ಚೂರಿನ ಹಾಗೆ ಸಪ್ಪೆಯಾಗುತ್ತದೆ. ಅದರ ಮಿನುಗು ಕಾಣುವುದೇ ಬಿಳಿ ಮುಖದ ಪಕ್ಕದಲ್ಲಿ ಕಪ್ಪು ಮುಖವಿದ್ದಾಗ. ಅದಕ್ಕಾಗಿ ಬೆರಳಗಲದ ಕಪ್ಪು ಕಾಗದದ ಪಟ್ಟಿಯೊಂದನ್ನು ಚೌಕಟ್ಟಿನ ಹೊರಗೆ, ಉಂಗುರದ ಹಿಂದುಗಡೆ ಇಡುತ್ತೇನೆ. ಚಿನ್ನದ ಅಂಚಿನಲ್ಲಿ ಸಣ್ಣ ಕಪ್ಪು ಗೆರೆ ಮೂಡಿ, ದುಂಡಗಿನ ಮೈ ದುಂಡಗೆ ಕಾಣುತ್ತದೆ. ವಜ್ರದಲ್ಲಿ ಕೆಂಪು, ಹಸಿರು, ನೇರಳೆ ಕಿಡಿಗಳು ಬೇಕೆಂದರೆ ಮಾತ್ರ ಬಿಸಿಲು ಅಥವಾ ಸಣ್ಣ ದೀಪದಂಥ ಒಂದೇ ಚುಕ್ಕಿಯ ಬೆಳಕು ಬೇಕು. ಮೋಡದ ಬೆಳಕಿನಲ್ಲಿ ಬಣ್ಣಗಳು ಬಿಡಿಬಿಡಿಯಾದರೂ ಒಂದರ ಮೇಲೊಂದು ಬಿದ್ದು ಮತ್ತೆ ಬಿಳಿಯಾಗಿಬಿಡುತ್ತವೆ. ಫೋನಿನ ಫ್ಲ್ಯಾಷ್ ಆ ಚುಕ್ಕಿ ಬೆಳಕಿನ ಕೆಲಸ ಮಾಡುವುದಿಲ್ಲ. ಅದು ಲೆನ್ಸಿಗೆ ಅಂಟಿಕೊಂಡೇ ಇರುವುದರಿಂದ ಚಿನ್ನದ ಮೇಲೆ ಒಂದು ಬಿಳಿ ಮಚ್ಚೆಯನ್ನು ಬಿಟ್ಟು, ಚರ್ಮವನ್ನು ಜಿಡ್ಡಾಗಿ ತೋರಿಸುತ್ತದೆ.

ಫೋನಿನಲ್ಲಿ ಮಾಡಬೇಕಾದ್ದು ಸ್ವಲ್ಪವೇ. ಪರದೆಯಲ್ಲಿ, ಹರಳನ್ನು ಹಿಡಿದಿರುವ ಚಿನ್ನದ ಕೊಕ್ಕೆಯ ತುದಿಯ ಮೇಲೆ ಒತ್ತಿ ಹಿಡಿದರೆ ಫೋಕಸ್ ಅಲ್ಲೇ ನಿಲ್ಲುತ್ತದೆ. ಹರಳಿನ ಮೇಲೆ ಒತ್ತಿದರೆ ಕೆಲವೊಮ್ಮೆ ಅದರಲ್ಲಿ ಪ್ರತಿಫಲಿಸಿದ ಕಿಟಕಿಯ ಮೇಲೆಯೇ ಫೋಕಸ್ ಕೂತುಬಿಡುತ್ತದೆ. ಆಮೇಲೆ ಬೆರಳನ್ನು ಕೆಳಗೆ ಎಳೆದು ಬೆಳಕನ್ನು ಸ್ವಲ್ಪ ತಗ್ಗಿಸಬೇಕು. ಚಿನ್ನದ ಹೊಳಪು ಒಮ್ಮೆ ಪೂರ್ತಿ ಬಿಳಿಯಾಗಿ ಸುಟ್ಟುಹೋದರೆ ಅದರ ಹಳದಿ ಮತ್ತೆ ಸಿಗುವುದಿಲ್ಲ, ಕತ್ತಲೆಯನ್ನಾದರೆ ಆಮೇಲೂ ಎತ್ತಬಹುದು. ಪೋರ್ಟ್ರೇಟ್ ಮೋಡ್ ನನಗೆ ಸೇರುವುದಿಲ್ಲ. ಅದರ ಮಸುಕು ಲೆಕ್ಕ ಹಾಕಿ ಬಳಿದದ್ದು. ಕೊಕ್ಕೆಗಳ ಸಣ್ಣ ಅಂಚುಗಳನ್ನು ಗುರುತಿಸಲಾರದೆ ಅರ್ಧ ಕೊಕ್ಕೆಯನ್ನೇ ಅಳಿಸಿಹಾಕುತ್ತದೆ. ಹಿನ್ನೆಲೆಯನ್ನು ನಿಜವಾಗಿಯೂ ದೂರ ಇಟ್ಟರೆ ಮಸುಕು ತಾನಾಗಿಯೇ ಬರುತ್ತದೆ.

ಮಿನುಗು ಎನ್ನುವುದು ಚಲನೆಯಲ್ಲಿದೆ, ನಿಂತ ಚಿತ್ರದಲ್ಲಿ ಅದರ ಒಂದು ಕ್ಷಣ ಮಾತ್ರ ಸಿಗುತ್ತದೆ. ಆ ಕ್ಷಣವನ್ನು ಹಿಡಿಯಲು ನಾನು ವಿಡಿಯೊ ತೆಗೆಯುತ್ತೇನೆ. ಬೆರಳನ್ನು ನಿಧಾನವಾಗಿ ತಿರುಗಿಸುತ್ತಾ ಹೋಗಿ, ಆಮೇಲೆ ಒಂದೊಂದೇ ಚೌಕಟ್ಟನ್ನು ಸರಿಸಿ ನೋಡಿದರೆ ಎರಡೂ ವಜ್ರಗಳು ಒಟ್ಟಿಗೆ ಕಿಡಿ ಹಾರಿಸಿದ ಒಂದು ಚೌಕಟ್ಟು ಸಿಕ್ಕೇ ಸಿಗುತ್ತದೆ. 4ಕೆ ವಿಡಿಯೊದ ಒಂದು ಚೌಕಟ್ಟಿನಲ್ಲಿ 3840 ಅಡ್ಡ, 2160 ಉದ್ದ, ಅಂದರೆ 80 ಲಕ್ಷಕ್ಕೂ ಹೆಚ್ಚು ಪಿಕ್ಸೆಲ್ ಇರುತ್ತವೆ. ದೂರದಲ್ಲಿರುವವರಿಗೆ ಕಳಿಸಲು ಇದು ಧಾರಾಳವಾಯಿತು.

ಕೈಯ ಮೇಲೆ ಉಂಗುರ ತೊಟ್ಟೇ ಫೋಟೊ ತೆಗೆಯುವುದು ನನಗೆ ಇಷ್ಟ. ಬಟ್ಟೆಯ ಮೇಲೆ ಇಟ್ಟು ತೆಗೆದದ್ದು ಯಾರ ಉಂಗುರವಾದರೂ ಆಗಬಹುದು, ಬೆರಳಿನಲ್ಲಿದ್ದಾಗ ಅದಕ್ಕೆ ಅಳತೆಯೂ ಒಡತಿಯೂ ಸಿಗುತ್ತಾರೆ. ಎಕ್ಸ್‌-ರೇ ಕಂಡುಹಿಡಿದ ವಿಜ್ಞಾನಿ ವಿಲ್‌ಹೆಲ್ಮ್ ರಾಂಟ್‌ಜೆನ್ 1895ರ ಡಿಸೆಂಬರ್ 22ರಂದು ತಮ್ಮ ಪತ್ನಿ ಅನ್ನಾ ಬರ್ಥಾ ಅವರ ಕೈಯ ಎಕ್ಸ್‌-ರೇ ಚಿತ್ರ ತೆಗೆದರಲ್ಲ, ಅದರಲ್ಲಿ ಹೊಳಪೂ ಇಲ್ಲ, ಬಣ್ಣವೂ ಇಲ್ಲ. ಆದರೂ ಮೂಳೆಗಳ ನಡುವೆ ಕಪ್ಪಗೆ ನಿಂತ ಆ ಉಂಗುರದ ಮೇಲೆಯೇ ನನ್ನ ಕಣ್ಣು ಪ್ರತಿ ಸಲವೂ ಹೋಗುತ್ತದೆ.

ಕೈ ಚೆಲುವಾಗಿ ಕಾಣಲು ಅದು ಸಡಿಲವಾಗಿರಬೇಕು. ನನ್ನ ಫೋಟೊಗಳಿಗೆ ಫೋನು ಹಿಡಿಯುವವಳು ಅಕ್ಕ. "ಬೆರಳನ್ನು ಅಷ್ಟು ಬಿಗಿಯಬೇಡವೇ, ಏನನ್ನೋ ಹಗುರವಾಗಿ ಹಿಡಿದುಕೊಂಡ ಹಾಗೆ ಮಾಡು" ಎಂದು ಹೇಳುತ್ತಲೇ ಇರುತ್ತಾಳೆ. ಅವಳ ಮಾತು ಸರಿ. ಬೆರಳುಗಳನ್ನು ತುಸು ಮಡಿಸಿ, ಒಂದರ ಹಿಂದೆ ಒಂದು ಬರುವಂತೆ ಜೋಡಿಸಿದರೆ ಕೈಗೆ ಜೀವ ಬರುತ್ತದೆ. ಅದಕ್ಕೂ ಮೊದಲು ಕೈಯನ್ನು ಸ್ವಲ್ಪ ಹೊತ್ತು ಹೆಗಲಿಗಿಂತ ಮೇಲೆ ಎತ್ತಿ ಹಿಡಿದರೆ ಉಬ್ಬಿದ ನರಗಳು ಇಳಿಯುತ್ತವೆ. ಕೈಗೆ ಕ್ರೀಮ್ ಹಚ್ಚುವುದಾದರೆ ಉಂಗುರ ತೆಗೆದಿಟ್ಟು ಹಚ್ಚಿ, ಪೂರ್ತಿ ಆರಿದ ಮೇಲೆ ತೊಡಿ.

ವಜ್ರಕ್ಕೆ ಜಿಡ್ಡೆಂದರೆ ಬಹಳ ಪ್ರೀತಿ, ಮುಟ್ಟಿದ ಕೂಡಲೇ ಪಸೆ ಹಿಡಿಯುತ್ತದೆ. ಹರಳಿನ ತಳಕ್ಕೆ ಜಿಡ್ಡು ಕೂತರೆ ಮೇಲೆ ಎಷ್ಟು ಒರೆಸಿದರೂ ಹೊಳಪಿಲ್ಲ. ಉಗುರುಬೆಚ್ಚಗಿನ ನೀರು, ಒಂದು ಹನಿ ಪಾತ್ರೆ ತೊಳೆಯುವ ದ್ರವ, ಮೆತ್ತನೆಯ ಬ್ರಷ್ ಇಷ್ಟಿದ್ದರೆ ನನ್ನ ಉಂಗುರಕ್ಕೆ ಸಾಕು. ಮುತ್ತಿಗೂ ಪಚ್ಚೆಗೂ ಇದನ್ನು ಮಾಡಬೇಡಿ. ಮುತ್ತಿನ ಮೈ ಬಹಳ ಮೃದು, ಪಚ್ಚೆಯ ಬಿರುಕುಗಳಲ್ಲಿ ಎಣ್ಣೆ ತುಂಬಿರುವುದು ಸಾಮಾನ್ಯ. ಅವನ್ನು ಒದ್ದೆ ಮಾಡಿ ಹಿಂಡಿದ ಮೆತ್ತನೆಯ ಬಟ್ಟೆಯಿಂದ ಒರೆಸಿದರಷ್ಟೇ ಸಾಕು.

ತಿದ್ದುವಾಗ ಧೂಳಿನ ಚುಕ್ಕೆ ತೆಗೆಯುತ್ತೇನೆ, ಬಿಳಿ ಹಾಳೆ ಬಿಳಿಯಾಗಿ ಕಾಣುವವರೆಗೆ ಬಣ್ಣದ ಸಮತೋಲ ಸರಿಪಡಿಸುತ್ತೇನೆ, ಅಲ್ಲಿಗೆ ಕೈ ಬಿಡುತ್ತೇನೆ. ನೀಲಿಯನ್ನು ಎಳೆದು ಏರಿಸಿದರೆ ಅದು ಬೇರೆ ಯಾರದೋ ನೀಲವಾಗಿಬಿಡುತ್ತದೆ. ಫೋಟೊ ನೋಡಿದವರು ನಾಳೆ ನನ್ನ ಕೈ ನೋಡಿದಾಗ ಅದೇ ಉಂಗುರವನ್ನು ಕಾಣಬೇಕು.

ಇಷ್ಟೆಲ್ಲ ಆದ ಮೇಲೆ, ಉಂಗುರ ಇನ್ನೂ ಸ್ವಚ್ಛವಾಗಿರುವಾಗಲೇ, ಅದರ ಒಳಬದಿಯದೂ ಒಂದು ಫೋಟೊ ತೆಗೆದಿಡಿ. ಅಲ್ಲಿ ಚಿನ್ನದ ಶುದ್ಧತೆಯ ಮುದ್ರೆ ಇರುತ್ತದೆ. ನನ್ನದರಲ್ಲಿ 750 ಎಂದಿದೆ, ಅಂದರೆ ಸಾವಿರ ಪಾಲಿನಲ್ಲಿ 750 ಪಾಲು ಚಿನ್ನ, 18 ಕ್ಯಾರಟ್. ಇಲ್ಲಿ ಮಾತ್ರ ಬೆಳಕು ತೀರಾ ಪಕ್ಕದಿಂದ, ಮೇಲ್ಮೈಯನ್ನು ಸವರಿಕೊಂಡು ಹೋಗುವಂತೆ ಬೀಳಬೇಕು. ಆಗ ಅಂಕಿಗಳ ಅಂಚಿಗೆ ನೆರಳು ಬಿದ್ದು ಓದಲು ಬರುತ್ತದೆ. ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೊ ಮೋಡ್ ಫೋನಿನಲ್ಲಿ ಇದ್ದರೆ ಅದನ್ನು ಬಳಸಲು ಇದೇ ಸರಿಯಾದ ಜಾಗ.