ರಾತ್ರಿ ಶಾಲೆಯ ತರ್ಕಪಾಠ

ಮುಂಬೈಯ ಕೋಟೆ ಪ್ರದೇಶದಲ್ಲಿದ್ದ ನಮ್ಮ ಕನ್ನಡ ರಾತ್ರಿ ಪ್ರೌಢಶಾಲೆಯ ಪಠ್ಯದಲ್ಲಿ ತರ್ಕಶಾಸ್ತ್ರಕ್ಕೆ ಸ್ಥಾನವಿರಲಿಲ್ಲ. ಆದರೂ ಶನಿವಾರದ ಚರ್ಚಾಕೂಟವನ್ನು ನಡೆಸುತ್ತಿದ್ದ ಕನ್ನಡ ಮಾಸ್ತರರು, ಹಗಲೆಲ್ಲ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು ಬರುತ್ತಿದ್ದ ನಮ್ಮಿಂದ, ಬಾಯಿ ತೆರೆಯುವ ಮೊದಲು, ನ್ಯಾಯದರ್ಶನದ ಮೂಲಗ್ರಂಥವಾದ ಗೌತಮನ ನ್ಯಾಯಸೂತ್ರಗಳು ಹೇಳುವ ಪ್ರತಿಜ್ಞೆ (ಸಾಧಿಸಬೇಕಾದ ಮಾತು), ಹೇತು (ಅದಕ್ಕೆ ಕಾರಣ), ಉದಾಹರಣೆ, ಉಪನಯ (ಉದಾಹರಣೆಯನ್ನು ಎದುರಿನ ಸಂಗತಿಗೆ ಹೊಂದಿಸುವುದು), ನಿಗಮನ (ತೀರ್ಮಾನ) ಎಂಬ ವಾದದ ಐದು ಅವಯವಗಳನ್ನು ಹಲಗೆಯ ಮೇಲೆ ಬರೆಸುತ್ತಿದ್ದರು. ಬೆಟ್ಟದಲ್ಲಿ ಬೆಂಕಿಯಿದೆ, ಹೊಗೆ ಕಾಣುವುದರಿಂದ; ಹೊಗೆಯಿದ್ದಲ್ಲೆಲ್ಲ ಬೆಂಕಿಯಿರುತ್ತದೆ, ಅಡುಗೆಮನೆಯಲ್ಲಿರುವಂತೆ. ಅಡುಗೆಮನೆಯ ಮಾತು ಬಂದೊಡನೆ ನಮ್ಮವರಿಗೆ ಧೈರ್ಯ ಬಂತು. ಗ್ಯಾಸಿನ ಒಲೆಯಲ್ಲಿ ಬೆಂಕಿಯಿದ್ದರೂ ಹೊಗೆ ಎಲ್ಲಿದೆ ಸರ್ ಎಂದು ಒಬ್ಬ ಕೇಳಿಯೇಬಿಟ್ಟ. ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು, ಬೆಂಕಿಯಿಂದ ಹೊಗೆಯನ್ನು ಊಹಿಸಲಾಗದು, ಕೆಂಪಗೆ ಕಾದ ಕಬ್ಬಿಣದ ಗುಂಡನ್ನು ಶಾಸ್ತ್ರದವರು ಹೇಳುವುದು ಇದಕ್ಕೇ ಎಂದು ಅವರು ವಿವರಿಸಿದರು.

ನನ್ನ ಮಟ್ಟಿಗೆ ಪಾಠದ ತಿರುಳೆಲ್ಲ ಇದ್ದದ್ದು ಹೊಳೆಯ ಪ್ರಸಂಗದಲ್ಲಿ. ಹೊಳೆ ತುಂಬಿರುವುದನ್ನು ಕಂಡು ಮೇಲ್ಗಡೆ ಮಳೆಯಾಗಿದೆಯೆಂದು ತಿಳಿಯುವುದು ಅನುಮಾನಕ್ಕೆ, ಅಂದರೆ ಕಂಡದ್ದರಿಂದ ಕಾಣದ್ದನ್ನು ಊಹಿಸುವುದಕ್ಕೆ, ಕೊಡುವ ಹಳೆಯ ನಿದರ್ಶನ. ಕೆಳಗೆಲ್ಲೋ ನೀರಿಗೆ ತಡೆಯಾದರೂ ಹೊಳೆ ತುಂಬೀತಲ್ಲ ಎಂಬ ಆಕ್ಷೇಪವನ್ನೂ ಸೂತ್ರಗಳೇ ಎತ್ತುತ್ತವೆ. ಧಾರಾವಿಯಿಂದ ಬರುತ್ತಿದ್ದ ಸಹಪಾಠಿಯೊಬ್ಬನಿಗೆ ಆ ಆಕ್ಷೇಪಕ್ಕೆ ಪುಸ್ತಕವೇ ಬೇಕಾಗಲಿಲ್ಲ. ಮಾಹಿಮ್ ಖಾಡಿಯ ಹತ್ತಿರ ಮಿಠಿ ನದಿ ಚೈತ್ರದ ಬಿಸಿಲಿನಲ್ಲೂ ಸಮುದ್ರದ ಭರತದ (ಉಬ್ಬರದ) ಹೊತ್ತಿಗೆ ದಿನಕ್ಕೆರಡು ಸಲ ಏರುತ್ತದೆ, ಆಗ ಮಳೆ ಎಲ್ಲಿಂದ ಬಂತು ಎಂದು ಅವನು ಸವಾಲು ಹಾಕಿದ. ಮಾಸ್ತರರು ಅವನನ್ನು ಸುಮ್ಮನಾಗಿಸಲಿಲ್ಲ, ಹಲಗೆಯ ಮೇಲಿದ್ದ ಹೇತುವನ್ನು ಅಳಿಸಿದರು. ಸಾಧಿಸಬೇಕಾದ ಸಂಗತಿ ಇಲ್ಲದೆಡೆಯಲ್ಲೂ ಕಾಣಿಸಿಕೊಳ್ಳುವ ಹೇತುವಿಗೆ ಸವ್ಯಭಿಚಾರವೆಂದು ಹೆಸರು, ಅದು ಹೇತುವಿನಂತೆ ತೋರುವ ಹೇತ್ವಾಭಾಸ ಎಂದರು. ಬಳಿಕ ನ್ಯಾಯಸೂತ್ರಗಳ ಭಾಷ್ಯಕಾರ ವಾತ್ಸ್ಯಾಯನನ ಉತ್ತರವನ್ನು ಬರೆಸಿದರು: ಬರಿಯ ಏರಿಕೆಯಲ್ಲ, ನೀರಿನ ಸೆಳವು, ನೊರೆ, ತೇಲಿಬರುವ ಹಣ್ಣು, ಎಲೆ, ಕಟ್ಟಿಗೆ ಇವುಗಳೊಡನೆ ಕೂಡಿದ ಏರಿಕೆ ಮಾತ್ರ ಮಳೆಗೆ ಗುರುತು. ವಿಹಾರ ಮತ್ತು ಪವಾಯಿ ಕೆರೆಗಳು ಕೋಡಿ ಬಿದ್ದಾಗ ಮಿಠಿಯ ಕೆಂಪು ನೀರು ಕಸಕಡ್ಡಿಯನ್ನೆಲ್ಲ ಹೊತ್ತು ಸಮುದ್ರದ ಕಡೆಗೇ ಓಡುತ್ತದೆ, ಭರತದ ನೀರು ಸಮುದ್ರದಿಂದ ಮೇಲಕ್ಕೆ ಬರುತ್ತದೆ ಎಂಬ ವ್ಯತ್ಯಾಸವನ್ನು ಆ ಸಹಪಾಠಿಯೇ ಹೇಳಿ ಕುಳಿತ. ಆಕ್ಷೇಪ ಬಂದಾಗ ದನಿ ಏರಿಸುವ ಬದಲು ಹೇತುವನ್ನು ಬಿಗಿಗೊಳಿಸಬೇಕೆಂಬುದು ನನಗೆ ಮನದಟ್ಟಾದದ್ದು ಆಗಲೇ.

ಪ್ರತ್ಯಕ್ಷಾದಿ ನಾಲ್ಕು ಪ್ರಮಾಣಗಳನ್ನು, ಅಂದರೆ ಅರಿವಿನ ಸಾಧನಗಳನ್ನು, ಒಂದೇ ತರಗತಿಯಲ್ಲಿ ಮುಗಿಸಿದ್ದರು. ವಾದ, ಜಲ್ಪ, ವಿತಂಡಗಳ ಭೇದಕ್ಕೆ ಮಾತ್ರ ಮತ್ತೆ ಮತ್ತೆ ಮರಳುತ್ತಿದ್ದರು. ತತ್ತ್ವವನ್ನು ತಿಳಿಯಲು ನಡೆಯುವುದು ವಾದ, ಗೆಲ್ಲಲು ನಡೆಯುವುದು ಜಲ್ಪ, ತನ್ನದೊಂದು ಪಕ್ಷವನ್ನೂ ಸ್ಥಾಪಿಸದೆ ಎದುರಾಳಿಯದನ್ನು ಕೆಡಹುವುದಷ್ಟೇ ವಿತಂಡ. ಕೊನೆಯ ಎರಡಕ್ಕೂ ನಮ್ಮ ಕೂಟದಲ್ಲಿ ಪ್ರವೇಶವಿರಲಿಲ್ಲ. ಮೊಳಕೆಯನ್ನು ಕಾಯಲು ಮುಳ್ಳುಬೇಲಿ ಹಾಕುವಂತೆ, ತತ್ತ್ವವನ್ನು ಕಾಯಲು ಜಲ್ಪ, ವಿತಂಡಗಳನ್ನೂ ಬಳಸಬಹುದೆಂದು ಗೌತಮನೇ ಒಪ್ಪಿದ್ದಾನೆಂಬುದು ಬಹಳ ವರ್ಷಗಳ ಮೇಲೆ ಓದಿನಿಂದ ನನಗೆ ತಿಳಿಯಿತು. ಮಾಸ್ತರರಿಗೆ ಆ ಸೂತ್ರ ಗೊತ್ತಿರಲಿಲ್ಲವೆಂದು ನಾನು ನಂಬಲಾರೆ. ಹೋಟೆಲಿನ ಹುಡುಗರು ಮಲಗುವ ಕೋಣೆಗಳಲ್ಲಿ ಬೇಲಿಯ ಕೆಲಸ ಯಾರೂ ಕಲಿಸದೆಯೇ ನಡೆಯುತ್ತಿತ್ತು, ಅದನ್ನವರು ಬಲ್ಲವರಾಗಿದ್ದರು.