ಜಗಲಿಯಿಂದ ಹಿಂಬದಿ ಕೋಣೆಗೆ ಒಂದು ವಯರು

ನಮ್ಮನೆಗೆ ಫೈಬರ್ ಇಂಟರ್ನೆಟ್ ಬಂದದ್ದು 2021ರ ಬೇಸಿಗೆಯಲ್ಲಿ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆ ಬಿಟ್ಟು ಎರಡು ಕಿಲೋಮೀಟರ್ ಒಳಗೆ ನಮ್ಮೂರು. ಕಂಬ ಇರುವಷ್ಟು ದೂರ ಕಂಬಕ್ಕೆ, ಆಮೇಲೆ ಅಡಿಕೆ ಮರಕ್ಕೆ ಕಟ್ಟಿಸಿಕೊಳ್ಳುತ್ತಾ ಬಂದ ಕಪ್ಪು ವಯರು ಜಗಲಿಯ ಕಿಟಕಿಯಲ್ಲಿ ಒಳಗೆ ನುಗ್ಗಿತು. ಲೈನಿನ ಹುಡುಗ ಅಲ್ಲೇ ಗೋಡೆಗೆ ಬಾಕ್ಸ್ ಹೊಡೆದ, ಮೊಬೈಲಲ್ಲಿ ಸ್ಪೀಡ್ ತೋರಿಸಿ "95 ಬರ್ತಿದೆ ನೋಡಿ ಸಾರ್" ಅಂದ, ಕಾಫಿ ಕುಡಿದು ಹೊರಟ.

ಅವನು ಹೇಳಿದ್ದು ನಿಜವೇ. 100 ಎಂಬಿಪಿಎಸ್ ಪ್ಲಾನಿಗೆ ಜಗಲಿಯಲ್ಲಿ 95 ಬರುತ್ತಿತ್ತು. ಆದರೆ ನನ್ನ ಮೇಜು ಇರುವುದು ಹಿಂಬದಿ ಕೋಣೆಯಲ್ಲಿ. ನಡುವೆ ಅಜ್ಜಯ್ಯ ಕಟ್ಟಿಸಿದ ಮೂರು ಮಣ್ಣಿನ ಗೋಡೆ, ಒಂದೊಂದೂ ಒಂದೂವರೆ ಅಡಿ ದಪ್ಪ. ಅಲ್ಲಿ ಸಿಗುತ್ತಿದ್ದದ್ದು 6. ಬೆಂಗಳೂರಿನವರ ಜೊತೆ ಮೀಟಿಂಗ್ ಇದ್ದಾಗ ನನ್ನ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ಕೆಲಸ ಉಳಿಸಿಕೊಂಡು ಊರಲ್ಲೇ ಇರಬೇಕು ಅಂತ ಬಂದವನಿಗೆ ಅದು ಸಣ್ಣ ತೊಂದರೆಯಲ್ಲ.

ಮೂರು ಡಬ್ಬಿಯ ಮೆಶ್ ಸೆಟ್ ತಂದೆ; ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಸಿಗ್ನಲ್ ದಾಟಿಸಿ ಮನೆಯಿಡೀ ಒಂದೇ ವೈಫೈ ಹರಡುವ ಸೆಟ್. ಒಂದು ಜಗಲಿಗೆ, ಒಂದು ನಡುಮನೆಗೆ, ಒಂದು ನನ್ನ ಮೇಜಿನ ಮೇಲೆ. ಮೇ ತಿಂಗಳಲ್ಲಿ 38 ಬಂತು, ಖುಷಿಯಾದೆ. ಜೂನ್ ಕೊನೆಗೆ ಅದೇ ಮೇಜಿನಲ್ಲಿ 11. ಡಬ್ಬಿ ಕೆಟ್ಟಿದೆ ಅಂದುಕೊಂಡು ಅದಲು ಬದಲು ಮಾಡಿದೆ, ರೀಸೆಟ್ ಮಾಡಿದೆ, ಏನೂ ಆಗಲಿಲ್ಲ. ಒಂದು ಸಂಜೆ ನಡುಮನೆಯ ಗೋಡೆಗೆ ಕೈ ಇಟ್ಟಾಗ ತಣ್ಣಗೆ, ಒದ್ದೆ ಒದ್ದೆ. ಆಗ ಹೊಳೆಯಿತು. ನೀರು ರೇಡಿಯೋ ತರಂಗವನ್ನು ಹೀರುತ್ತದೆ. ನಮ್ಮ ಕಡೆ ಮಳೆ ಹಿಡಿದರೆ ಮಣ್ಣಿನ ಗೋಡೆ ತೇವ ಕುಡಿದು ಕೂರುತ್ತದೆ; ವೈಫೈಯ ಎರಡು ಬ್ಯಾಂಡಿನಲ್ಲಿ ವೇಗದ್ದಾದ 5 ಗಿಗಾಹರ್ಟ್ಸ್ ಸಿಗ್ನಲ್ ಅದನ್ನು ದಾಟಲಾರದು. 2.4 ಗಿಗಾಹರ್ಟ್ಸ್ ದಾಟುತ್ತದೆ, ಆದರೆ ಅದಕ್ಕೆ ಆ ವೇಗವಿಲ್ಲ. ಜೊತೆಗೆ ನಾನು ತಂದಂಥ ಸಾಧಾರಣ ಸೆಟ್ಟಿನಲ್ಲಿ ಡಬ್ಬಿ ಡಬ್ಬಿ ಮಾತಾಡಿಕೊಳ್ಳುವುದೂ, ಫೋನಿಗೆ ಕೊಡುವುದೂ ಒಂದೇ ರೇಡಿಯೋದಲ್ಲಿ. ಹಾಗಾಗಿ ಒಂದೊಂದು ಡಬ್ಬಿ ದಾಟುವಾಗಲೂ ವೇಗ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ಡಬ್ಬಿಗಳ ನಡುವೆ ವಯರು ಎಳೆದರೆ ಈ ಎರಡೂ ಕಷ್ಟ ಇಲ್ಲ. ಕ್ಯಾಟ್ 6 ಅನ್ನುವ ತಾಮ್ರದ ನೆಟ್‌ವರ್ಕ್ ಕೇಬಲ್ 40 ಮೀಟರ್ ತಂದೆ. ಅಟ್ಟದಲ್ಲಿ ಇಲಿ ಕಾಟ, ಅದಕ್ಕೇ ಪಿವಿಸಿ ಪೈಪಿನೊಳಗೆ ಹಾಕಿ ಎಳೆದೆ. ಅಪ್ಪಯ್ಯ ಏಣಿ ಹಿಡಿದು ನಿಂತರು, ಆಮೇಲೆ ಬ್ಯಾಟರಿ ಹಿಡಿದು ಪಕ್ಕ ಕೂತರು. ತುದಿಗೆ ಕನೆಕ್ಟರ್ ಹಾಕುವುದು ಕಣ್ಣಿಗೆ ಶ್ರಮದ ಕೆಲಸ. ಎಂಟು ಎಳೆ, ಕಿತ್ತಳೆ-ಬಿಳಿ, ಕಿತ್ತಳೆ, ಹಸಿರು-ಬಿಳಿ, ನೀಲಿ, ನೀಲಿ-ಬಿಳಿ, ಹಸಿರು, ಕಂದು-ಬಿಳಿ, ಕಂದು. ಸಾಲಾಗಿ ಹಿಡಿದು, ಸಮಕ್ಕೆ ಕತ್ತರಿಸಿ, ಒಳಗೆ ತಳ್ಳಿ ಒತ್ತಬೇಕು. ಒತ್ತಿದೆ. ಎಳೆಗೊಂದು ದೀಪ ಇರುವ ಟೆಸ್ಟರಿನಲ್ಲಿ ಏಳನೇ ದೀಪ ಹತ್ತಲಿಲ್ಲ. ಅಪ್ಪಯ್ಯ ಕನೆಕ್ಟರನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, "ಈ ಕಂದು-ಬಿಳಿ ತುದಿ ಮುಟ್ಟಿಲ್ಲ ಮಾರಾಯ" ಅಂದರು. ಐವತ್ತು ವರ್ಷ ಅಡಿಕೆ ಆರಿಸಿದ ಕಣ್ಣು ಅದು. ಕತ್ತರಿಸಿ ಮತ್ತೆ ಹಾಕಿದೆ, ಎಂಟೂ ಹತ್ತಿತು. ಹಿಂಬದಿ ಕೋಣೆಯಲ್ಲಿ 93. ಆ ವರ್ಷದ ಆಷಾಢದ ಮಳೆಯಲ್ಲೂ 93.

ಇನ್ನೊಂದು ಕೆಲಸ ಉಳಿದಿತ್ತು. ಕಂಪನಿಯ ಬಾಕ್ಸೂ ರೂಟರ್, ನನ್ನ ಮೆಶ್ಶೂ ರೂಟರ್. ಎರಡೂ ತಮ್ಮ ತಮ್ಮ ವೈಫೈ ಬಿಟ್ಟುಕೊಂಡು, ಫೋನು, ಪ್ರಿಂಟರಿಗೆಲ್ಲ ನೆಟ್‌ವರ್ಕ್ ಅಡ್ರೆಸ್ ಹಂಚುತ್ತಿದ್ದವು. ಪ್ರಿಂಟರ್ ಒಂದರಲ್ಲಿ, ಲ್ಯಾಪ್‌ಟಾಪ್ ಇನ್ನೊಂದರಲ್ಲಿ ಸಿಕ್ಕಿಕೊಂಡರೆ ಒಂದಕ್ಕೊಂದು ಕಾಣುವುದಿಲ್ಲ. ಬಾಕ್ಸನ್ನು ಬ್ರಿಡ್ಜ್ ಮೋಡಿಗೆ, ಅಂದರೆ ರೂಟರ್ ಕೆಲಸ ಬಿಟ್ಟು ಸಿಗ್ನಲ್ ದಾಟಿಸುವುದಷ್ಟೇ ಮಾಡುವಂತೆ, ಹಾಕಿಕೊಡಿ ಅಂತ ಕಂಪನಿಗೆ ಫೋನ್ ಮಾಡಿದರೆ "ನಮ್ಮ ಬಾಕ್ಸಲ್ಲೇ ವೈಫೈ ಇದೆಯಲ್ಲ ಸಾರ್" ಅನ್ನುವ ಉತ್ತರ, ನಾಲ್ಕು ಸಲ. ಕೊನೆಗೆ ಮಾಡಿಸಿಕೊಟ್ಟದ್ದು ಅದೇ ಲೈನಿನ ಹುಡುಗ. ಪಿಪಿಪಿಒಇ (ಕಂಪನಿಯ ಲೈನಿಗೆ ಲಾಗಿನ್ ಆಗುವ ವಿಧಾನ) ಯೂಸರ್‌ನೇಮು, ಪಾಸ್‌ವರ್ಡು, ಲೈನಿನ ಗುರುತಿನ ವಿಲ್ಯಾನ್ ನಂಬರು, ಈ ಮೂರನ್ನೂ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಬ್ರಿಡ್ಜ್ ಆದಮೇಲೆ ಲಾಗಿನ್ ಆಗಬೇಕಾದ್ದು ನಿಮ್ಮ ರೂಟರ್. ಬ್ರಿಡ್ಜ್ ಮಾಡಿಕೊಡಲು ಒಪ್ಪದಿದ್ದರೆ ಅವರ ಬಾಕ್ಸಿನ ವೈಫೈ ಆಫ್ ಮಾಡಿ, ನಿಮ್ಮ ಮೆಶ್ಶನ್ನು ಆಕ್ಸೆಸ್ ಪಾಯಿಂಟ್ ಮೋಡಿಗೆ (ಅಡ್ರೆಸ್ ಹಂಚದೆ ವೈಫೈ ಮಾತ್ರ ಕೊಡುವಂತೆ) ಹಾಕಿದರೂ ಸಾಕು.

ಸಿಡಿಲಿನ ವಿಷಯವನ್ನು ಮಾತ್ರ ಹಗುರವಾಗಿ ತಗೋಬೇಡಿ. ಫೈಬರ್ ಗಾಜು, ಅದರಲ್ಲಿ ಕರೆಂಟ್ ಹರಿಯಲ್ಲ, ನಿಜ. ಆದರೆ ಕಂಬದಿಂದ ಮನೆಗೆ ಬರುವ ವಯರಿನಲ್ಲಿ ಬಿಗಿ ಹಿಡಿಯೋಕೆ ಉಕ್ಕಿನ ತಂತಿಯೂ ಇರುತ್ತದೆ, ಕರೆಂಟ್ ಲೈನ್ ಅಂತೂ ಇದ್ದೇ ಇದೆ. ಏಪ್ರಿಲ್, ಮೇ ಮಧ್ಯಾಹ್ನ ಗುಡುಗಿದರೆ ನಾನು ಎಲ್ಲಾ ಪ್ಲಗ್ ತೆಗೆಯುತ್ತೇನೆ. ಅಡಿಕೆ ಸುಲಿಯುವ ಶೆಡ್ಡಿಗೆ ತಾಮ್ರದ ಕೇಬಲ್ ಎಳೆಯಲೇ ಇಲ್ಲ. ಎರಡು ಕಟ್ಟಡದ ನಡುವೆ ಲೋಹದ ತಂತಿಯಿಲ್ಲದ ಫೈಬರ್ ಹಾಕಿ, ಎರಡು ತುದಿಗೂ ಫೈಬರಿನ ಬೆಳಕನ್ನು ತಾಮ್ರದ ಕೇಬಲಿನ ಸಿಗ್ನಲಿಗೆ ಬದಲಿಸುವ ಮೀಡಿಯಾ ಕನ್ವರ್ಟರ್ ಕೂರಿಸಿದೆ. ಖರ್ಚು ಜಾಸ್ತಿಯಾಯಿತು, ಬೇಸರವಿಲ್ಲ.

ಹೋದ ಬೇಸಿಗೆಯಲ್ಲಿ ನಾನು ಶಿವಮೊಗ್ಗಕ್ಕೆ ಹೋಗಿದ್ದ ದಿನ ಸಿಡಿಲು ಬಡಿದು ಕಂಪನಿಯ ಬಾಕ್ಸ್ ಸುಟ್ಟುಹೋಯಿತು. ಪುಣ್ಯಕ್ಕೆ ಮೆಶ್ ಉಳಿಯಿತು. ಮೂರನೇ ದಿನ ಹೊಸ ಬಾಕ್ಸ್ ಬಂತು, ಹುಡುಗ ಬ್ರಿಡ್ಜ್ ಮಾಡಿದ, ನಾನು ಒಂದು ವಯರು ಚುಚ್ಚಿದೆ. ವೈಫೈ ಹೆಸರು ಅದೇ, ಪಾಸ್‌ವರ್ಡ್ ಅದೇ; ಟಿವಿ, ಕ್ಯಾಮೆರಾ, ಅಪ್ಪಯ್ಯನ ಫೋನು ಯಾವುದನ್ನೂ ಮುಟ್ಟಬೇಕಾಗಲಿಲ್ಲ. ನಾನಿನ್ನೂ ಜಗಲಿಯಲ್ಲಿ ಸ್ಕ್ರೂಡ್ರೈವರ್ ಎತ್ತಿಡುತ್ತಿದ್ದೆ, ಅಡುಗೆಮನೆಯಲ್ಲಿ ಅಮ್ಮ ಫೋನನ್ನು ಉಪ್ಪಿನ ಭರಣಿಗೆ ಒರಗಿಸಿ, ದೋಸೆ ಹುಯ್ಯುತ್ತಾ ಮೈಸೂರಿನ ಅಕ್ಕನ ಹತ್ತಿರ ಮೂರು ದಿನದ ಮಾತು ಶುರು ಮಾಡಿಯಾಗಿತ್ತು.