ಆ ಮನೆಗೆ ನಿಜವಾಗಿ ಎಷ್ಟು ವಯಸ್ಸು?

ಸಾಗರ, ತೀರ್ಥಹಳ್ಳಿ ಕಡೆ ಯಾವ ಹಳೇ ತೊಟ್ಟಿಮನೆಗೆ ಹೋದರೂ ಒಂದೇ ಮಾತು: ಇದಕ್ಕೆ 300 ವರ್ಷ ಆಗಿದೆ. 180 ಅಂತ ಯಾರೂ ಹೇಳಲ್ಲ. ಹೇಗೆ ಗೊತ್ತು ಅಂದರೆ, ಅಜ್ಜ ಹೇಳ್ತಿದ್ರು ಅಂತಾರೆ.

ಮರದಿಂದಲೇ ಇದನ್ನು ತಿಳಿಯುವ ದಾರಿ ಇದೆ. ಸಾಗುವಾನಿ ಬೇಸಿಗೆಯಲ್ಲಿ ಎಲೆ ಉದುರಿಸಿ ಸುಮ್ಮನಿರುತ್ತದೆ, ಆಮೇಲೆ ಮತ್ತೆ ಬೆಳೆಯೋಕೆ ಶುರು ಮಾಡಿದಾಗ ಮೊದಲು ದೊಡ್ಡ ದೊಡ್ಡ ರಂಧ್ರಗಳ ಒಂದು ಸಾಲು ಮೂಡುತ್ತದೆ. ತೊಲೆಯ ಅಡ್ಡ ಕೊಯ್ದ ತುದಿಯನ್ನು ಬ್ಲೇಡಿನಿಂದ ನಯವಾಗಿ ಹೆರೆದು, ಸ್ವಲ್ಪ ನೀರು ಸವರಿ ನೋಡಿ, ಆ ಸಾಲುಗಳು ಬರಿಗಣ್ಣಿಗೇ ಕಾಣುತ್ತವೆ. ಒಂದು ಸಾಲಿಂದ ಇನ್ನೊಂದಕ್ಕೆ ಒಂದು ವರ್ಷ. ಬರಗಾಲದ ಉಂಗುರ ಸಾಮಾನ್ಯವಾಗಿ ಸಣ್ಣದು, ಒಳ್ಳೆ ಮಳೆಯದ್ದು ಅಗಲ. ಈ ಸಣ್ಣ-ಅಗಲದ ವರಸೆಯನ್ನು ಕಾಲ ಗೊತ್ತಿರುವ ಬೇರೆ ಮರಗಳ ಜೊತೆ ಹೊಂದಿಸಿ ವರ್ಷ ಹಿಡಿಯುತ್ತಾರೆ. ಅಮೆರಿಕದಲ್ಲಿ ಡಗ್ಲಸ್ ಅನ್ನೋ ಖಗೋಳ ವಿಜ್ಞಾನಿ 1929ರಲ್ಲಿ ಒಂದು ಸುಟ್ಟ ತೊಲೆಯಿಂದಲೇ ಹಳೇ ಊರುಗಳ ಕಾಲ ಬಿಡಿಸಿದ್ದು ಹೀಗೆ.

ಆದರೆ ಇದರಿಂದ ಸಿಗೋದು ಮರ ಕಡಿದ ವರ್ಷ, ಮನೆ ಕಟ್ಟಿದ್ದಲ್ಲ. ಅದೂ ತೊಗಟೆ ಪಕ್ಕದ ಕೊನೇ ಉಂಗುರ ಉಳಿದಿದ್ದರೆ ಮಾತ್ರ! ನಮ್ಮ ಆಚಾರಿಗಳು ಹೊರಗಿನ ಬಿಳಿ ಭಾಗಕ್ಕೆ ಗೆದ್ದಲು ಹಿಡಿಯುತ್ತೆ ಅಂತ ಅದನ್ನೇ ಕೆತ್ತಿ ಹಾಕ್ತಾರೆ, ಹಾಗಾಗಿ ಎಷ್ಟು ಉಂಗುರ ಹೋಯ್ತೋ ಲೆಕ್ಕ ಸಿಗಲ್ಲ. ಇನ್ನು ಹಳೇ ಮನೆ ಬಿಚ್ಚಿ ಅದೇ ತೊಲೆ, ಕಂಬ ಹೊಸ ಮನೆಗೆ ಹಾಕೋದು ನಮ್ಮಲ್ಲಿ ಮಾಮೂಲು. ಅಟ್ಟದ ತೊಲೆಯಲ್ಲಿ ಈಗ ಏನೂ ಕೂತಿರದ ಚೌಕದ ತೂತು ಕಂಡರೆ ಅನುಮಾನ ಪಡಬಹುದು, ಅದು ಮೊದಲು ಬೇರೆಲ್ಲೋ ಇತ್ತು. ಹಲಸಿನ ಕಂಬವಾದರೆ ಇನ್ನೂ ಕಷ್ಟ, ವರ್ಷಪೂರ್ತಿ ಹಸಿರಾಗಿರುವ ಮರ ನೋಡಿ, ಉಂಗುರ ನಂಬೋ ಹಾಗಿರಲ್ಲ.

ಹಾಗಾದ್ರೆ ಮರದಲ್ಲಿ ಉಳಿದಿರೋ ವಿಕಿರಣಶೀಲ ಕಾರ್ಬನ್ ಅಳೆದು ವಯಸ್ಸು ಹೇಳೋ ಕಾರ್ಬನ್ ಪರೀಕ್ಷೆ ಮಾಡಿಸಿದ್ರಾಯ್ತಲ್ವಾ? ಸಾವಿರಾರು ವರ್ಷದ ವಸ್ತುವಿಗೆ ಅದು ಸರಿ. ಸುಮಾರು 1650ರಿಂದ ಈಚಿನ ಮರಕ್ಕೆ ಒಂದೇ ಅಳತೆಗೆ ಎರಡು ಮೂರು ಕಾಲಗಳು ಹೊಂದಿಬಿಡುತ್ತವೆ. ಮನೆ ವಯಸ್ಸಿನ ಬಗ್ಗೆ ನಮ್ಮ ಜಗಳಗಳೆಲ್ಲ ಆ ಕಾಲದ್ದೇ. ಶಿವಮೊಗ್ಗದ ಅರಮನೆಯನ್ನೇ ತಗೊಳ್ಳಿ. ಹೆಸರು ಶಿವಪ್ಪ ನಾಯಕನದು, ಅವನು ಆಳಿದ್ದು 1645ರಿಂದ 1660. ಆದರೆ ಅದು 18ನೇ ಶತಮಾನದ ಹೈದರಾಲಿಯ ಮನೆ ಅಂತ ಇತಿಹಾಸಕಾರ ಜಾರ್ಜ್ ಮಿಶೆಲ್ ಬರೆದಿದ್ದಾರೆ. ಆ ಬೀಟೆ ಕಂಬಗಳಿಂದ ಒಂದು ಚೂರು ತೆಗೆದು ಕಾರ್ಬನ್ ಪರೀಕ್ಷೆಗೆ ಕಳಿಸಿದ ಮಾತ್ರಕ್ಕೆ ಇದು ಬಗೆಹರಿಯುತ್ತೆ ಅಂತ ನನಗನ್ನಿಸಲ್ಲ. ಒಂದೇ ಕಂಬದ ಹಲವು ಉಂಗುರಗಳಿಂದ ಚೂರು ತೆಗೆದು ಒಟ್ಟಿಗೆ ಹೊಂದಿಸಿದರೆ ಉತ್ತರ ಬಿಗಿಯಾಗುತ್ತದೆ, ಖರ್ಚೂ ಜಾಸ್ತಿ.

ಮನೆ ಬಿಚ್ಚಿಸ್ತಾ ಇರೋರಿಗೆ ಒಂದು ಮಾತು. ತೊಲೆಗಳನ್ನು ಮಾರ್ತೀರಿ, ಮಾರಿ. ಆದರೆ ಕೊಯ್ದು ಬಿಸಾಡೋ ಸಾಗುವಾನಿ ತುದಿಗಳಲ್ಲಿ ಹೊರಗಿನ ಬಿಳಿ ಅಂಚು ಉಳಿದಿರೋದು ಸಿಕ್ಕರೆ ಬಚ್ಚಲ ಒಲೆಗೆ ಹಾಕಬೇಡಿ. ಯಾವ ಕೋಣೆಯ ಯಾವ ತೊಲೆ ಅಂತ ಪೆನ್ಸಿಲಿನಲ್ಲಿ ಅದರ ಮೇಲೇ ಬರೆದು ಒಣ ಜಾಗದಲ್ಲಿಡಿ.